ಅಕ್ಕನ ತೂಕದ ಮರಳು

ಬದುಕಿರುವ ಹೆಂಗಸಿಗೆ ಶ್ರದ್ಧಾಂಜಲಿ ಸಲ್ಲಿಸಿದ ಕೀರ್ತಿ ನಮ್ಮ ಬೀದಿಯಲ್ಲಿ ಮೊದಲು ಸಲ್ಲಬೇಕಾದದ್ದು ನನಗೆ. ಅರ್ಧ ಗಡ್ಡ ಬೋಳಿಸಿಕೊಂಡು, ಉಳಿದರ್ಧಕ್ಕೆ ಸೋಪಿನ ನೊರೆ ಮೆತ್ತಿಕೊಂಡು, ರಸ್ತೆಯ ಪಕ್ಕ ತಲೆ ಬಗ್ಗಿಸಿ ಎರಡು ನಿಮಿಷ ಮೌನವಾಗಿ ನಿಂತಿದ್ದೆ. ಆ ಹೊತ್ತಿಗೆ ಆಕೆ ತನ್ನ ಮನೆಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದ್ದಳು. ತಪ್ಪು ಯಾರದು ಎಂಬ ಬಗ್ಗೆ ಆಮೇಲೆ ಬೀದಿಯಲ್ಲಿ ದೊಡ್ಡ ಚರ್ಚೆಯಾಗಿ, ನನ್ನದೇ ಎಂದು ಒಮ್ಮತದ ತೀರ್ಮಾನವಾಯಿತು. ನಾನು ಮಾತ್ರ ಇವತ್ತಿಗೂ ಅದನ್ನು ಕಾರಿನ ಸ್ಪ್ರಿಂಗಿನ ತಲೆಗೆ ಕಟ್ಟುತ್ತೇನೆ.

ಕಾರು ಎದುರು ಮನೆಯವನದು. ಅವನು ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಗುಮಾಸ್ತ. ಅದೇ ಕಚೇರಿಯ ರಜೆ ವಿಭಾಗದಲ್ಲಿ ನಾನು ಗುಮಾಸ್ತ. ಅವನನ್ನು ಎಲ್ಲರೂ ಎಂಜಿನಿಯರ್ ಎಂದು ಕರೆಯುತ್ತಾರೆ. ಓದಿದ್ದಕ್ಕಲ್ಲ. ಹದಿನೈದು ವರ್ಷದ ಹಿಂದೆ ಕಚೇರಿಯ ನಿಂತುಹೋದ ಗೋಡೆ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸಿ, ಓಡುವ ಹಾಗೆ ಮಾಡಿದ್ದ. ಜೋಡಿಸಿದ ಮೇಲೆ ಮೇಜಿನ ಮೇಲೆ ಮೂರು ತಿರುಪು ಉಳಿದಿದ್ದವು. ಅಂದಿನಿಂದ ಆ ಗಡಿಯಾರ ತನಗೆ ತೋಚಿದಾಗಲೆಲ್ಲ ಹನ್ನೊಂದು ಹೊಡೆಯುತ್ತದೆ, ಮತ್ತು ಅವನು ಎಂಜಿನಿಯರ್ ಆಗಿಯೇ ಉಳಿದಿದ್ದಾನೆ.

ಅವನ ತಂದೆ ಒಬ್ಬ ಡಾಕ್ಟರ ಬಳಿ ಮೂವತ್ತು ವರ್ಷ ಡ್ರೈವರ್ ಆಗಿದ್ದರು. ಡಾಕ್ಟರು ಹೋಗುವಾಗ ಕಾರನ್ನು ಡ್ರೈವರಿಗೆ ಬಿಟ್ಟು ಹೋದರು. ಡ್ರೈವರು ಹೋಗುವಾಗ ಮಗನಿಗೆ ಬಿಟ್ಟು ಹೋದರು. ಕೆನೆ ಬಣ್ಣದ ಉದ್ದನೆಯ ಹಳೇ ಕಾರು. ಹಿಂದಿನ ಸೀಟಿನಲ್ಲಿ ಒಬ್ಬರು ಕಾಲು ಚಾಚಿ ಮಲಗಬಹುದು. ರಸ್ತೆಯಲ್ಲಿ ಹೊಂಡ ಬಂದರೆ ಕಾರಿಗೆ ಗೊತ್ತಾಗುತ್ತಿತ್ತೇ ಹೊರತು ಒಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ತಿರುವು ಬಂದರೆ ಮಾತ್ರ ಕಾರು ಇಡೀ ಮೈಯನ್ನು ಒಂದು ಪಕ್ಕಕ್ಕೆ ಚೆಲ್ಲಿ ವಾಲುತ್ತಿತ್ತು. ಎಡಕ್ಕೆ ತಿರುಗಿದರೆ ಎಡಗಡೆ ಕೂತವರು ಬಲಗಡೆಯವರ ತೊಡೆಯ ಮೇಲಿರುತ್ತಿದ್ದರು.

ಮನೆಯಲ್ಲಿ ಅವನು, ಅವನ ಹೆಂಡತಿ, ಅವನ ಅಕ್ಕ. ಅವನಿಗೆ ಎರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಕ್ಕನಿಗೆ ಆಗ ಹದಿನಾಲ್ಕು. ಅಂದು ಅವನನ್ನು ಸೊಂಟಕ್ಕೆ ಏರಿಸಿಕೊಂಡವಳು ಮದುವೆಯನ್ನೂ ಮರೆತು, ಹೊಲಿಗೆ ಯಂತ್ರದ ಮುಂದೆ ಕೂತು, ಊರಿನ ಮೂರು ಶಾಲೆಗಳಿಗೆ ಯೂನಿಫಾರ್ಮ್ ಹೊಲಿದು ಅವನನ್ನು ಬೆಳೆಸಿದಳು. ಅವನಿಗೀಗ ನಲವತ್ತೆಂಟು. ಅಕ್ಕ ಇವತ್ತಿಗೂ ಅವನನ್ನು ‘ಪುಟ್ಟಾ’ ಎಂದೇ ಕರೆಯುವುದು. ನನಗಿಂತ ಎರಡೇ ವರ್ಷ ದೊಡ್ಡವಳಾದರೂ ನಾನೂ ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಹಾಗೆನ್ನದಿದ್ದರೆ ಆಕೆ ಪ್ಯಾಂಟಿನ ಅಳತೆ ತೆಗೆದುಕೊಳ್ಳುತ್ತಿರಲಿಲ್ಲ.

ಆ ಅಕ್ಕನಿಗೆ ಮೂಳೆಯೊಳಗೆ ರೋಗ ಬಂತು. ಪ್ರತಿ ಗುರುವಾರ ಸೇತುವೆಯಾಚೆಯ ದೊಡ್ಡಾಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರಬೇಕು. ಮೊದಲ ಸಲ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಅದರ ಹಲಗೆಯ ಮೇಲೆ ಅಕ್ಕ ಕೂಗಿದ ಕೂಗು ಸೈರನ್ನನ್ನು ಮೀರಿಸಿತಂತೆ. ಆಮೇಲೆ ಈ ಕಾರೇ ಗತಿಯಾಯಿತು. ಮೆತ್ತನೆಯ ಸೀಟಿನಲ್ಲಿ ನೋವಿಲ್ಲದೆ ಹೋಗಿಬರುತ್ತಿದ್ದಳು. ಒಂದು ಗುರುವಾರ ಸೇತುವೆ ಇಳಿದ ಕೂಡಲೇ ಬರುವ ದೊಡ್ಡ ತಿರುವಿನಲ್ಲಿ, ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ಎಂಜಿನಿಯರ್ ಸ್ವಲ್ಪ ಜೋರಾಗಿ ತಿರುಗಿಸಿದ. ಕಾರು ತನ್ನ ಚಾಳಿಯಂತೆ ವಾಲಿತು. ಅಕ್ಕ ಸೀಟಿನಿಂದ ಉರುಳಿ ಕೆಳಗೆ ಬಿದ್ದಳು.

ಅವಳನ್ನು ಎತ್ತಿ, ಆಸ್ಪತ್ರೆಗೂ ಹೋಗದೆ ಹಾಗೇ ಮನೆಗೆ ಕರೆತಂದರು. ಮಂಚದ ಮೇಲೆ ಮಲಗಿ, ಉಸಿರು ಸಮಕ್ಕೆ ಬಂದ ಮೇಲೆ ಅಕ್ಕ ಹೇಳಿದಳು: “ಪುಟ್ಟಾ, ಸಾಯೋದು ಹೇಗಿದ್ರೂ ಇದೆ. ಉರುಳಿ ಉರುಳಿ ಸಾಯಲ್ಲ. ಇನ್ನು ಆ ಕಾರು ಹತ್ತಲ್ಲ.”

“ಅಕ್ಕಾ, ಕಾರು ಸರಿ ಮಾಡಿಸ್ತೀನಿ.”

“ವಾಲಬಾರ್ದು.”

“ವಾಲಲ್ಲ.”

“ಗಟ್ಟೀನೂ ಆಗಬಾರ್ದು. ಆಂಬುಲೆನ್ಸ್ ಥರ ಆದ್ರೆ ನಾನು ಬರಲ್ಲ.”

“ಆಗಲ್ಲ ಅಕ್ಕಾ. ಮುಂದಿನ ಗುರುವಾರದ ಒಳಗೆ,” ಎಂದ ಎಂಜಿನಿಯರ್. ಗಡಿಯಾರ ರಿಪೇರಿಗೆ ಕೂತಾಗಲೂ ಅವನ ಮುಖದಲ್ಲಿ ಇದೇ ಆತ್ಮವಿಶ್ವಾಸವಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಗ್ಯಾರೇಜಿದೆ. ಅದರ ಮುದುಕ ಮೆಕ್ಯಾನಿಕ್ಕನಿಗೆ ‘ಆಗಲ್ಲ ಮೇಸ್ತ್ರಿ’ ಎಂದು ಹೆಸರು. ಏನು ಕೇಳಿದರೂ ಮೊದಲು ಆಗಲ್ಲ ಎನ್ನುತ್ತಾನೆ, ಆಮೇಲೆ ಮಾಡುತ್ತಾನೆ. ಎಂಜಿನಿಯರ್ ಹೇಳಿದ್ದನ್ನೆಲ್ಲ ಕೇಳಿ ಅವನು ಕೈಯೊರೆಸಿಕೊಂಡ.

“ಮೆತ್ತಗಿದ್ರೆ ವಾಲುತ್ತೆ. ವಾಲಬಾರ್ದು ಅಂದ್ರೆ ಗಟ್ಟಿ ಮಾಡ್ಬೇಕು. ಎರಡೂ ಬೇಕು ಅಂದ್ರೆ ಆಗಲ್ಲ.”

ಮೊದಲ ವಾರ ಗಟ್ಟಿ ಮಾಡಿದರು. ಹಿಂದಿನ ಸ್ಪ್ರಿಂಗಿಗೆ ಇನ್ನೆರಡು ಉಕ್ಕಿನ ಪಟ್ಟಿ ಸೇರಿಸಿ ಬಿಗಿದರು, ಟೈರಿಗೆ ಹಿಡಿಸಿದಷ್ಟು ಗಾಳಿ ತುಂಬಿದರು. ಪರೀಕ್ಷೆಗೆಂದು ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಸೇತುವೆಯ ತಿರುವಿನಲ್ಲಿ ಕಾರು ಒಂದಿಷ್ಟೂ ವಾಲಲಿಲ್ಲ. ಆದರೆ ಅಷ್ಟು ದೂರ ಹೋಗುವುದರೊಳಗೆ ನನ್ನ ಮೇಲಿನ ಹಲ್ಲಿನ ಸೆಟ್ಟು ಕಳಚಿ ಮಡಿಲಿಗೆ ಬಿದ್ದಿತ್ತು. ಎಂಜಿನಿಯರ್ ಗಾಡಿ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ‘ವಾಲಿಲ್ಲ. ಹಲ್ಲು ಬಿತ್ತು.’

ಎರಡನೆಯ ವಾರ ಪಟ್ಟಿ ಬಿಚ್ಚಿದರು. ಟೈರಿನ ಗಾಳಿ ಅರ್ಧ ಇಳಿಸಿದರು. ಈ ಸಲ ಹಿಂದಿನ ಸೀಟಿನಲ್ಲಿ ನನಗೆ ತೂಕಡಿಕೆ ಬಂತು. ನಮ್ಮ ಬೀದಿಯ ತಿರುವಿನಲ್ಲಿ ಮಾತ್ರ ಕಾರು ಸ್ಟೀರಿಂಗಿನ ಮಾತು ಕೇಳದೆ ತನಗಿಷ್ಟವಾದ ದಾರಿ ಹಿಡಿದು ಗಿಡ ಮಾರುವವನ ಕುಂಡಗಳ ಸಾಲಿಗೆ ನುಗ್ಗಿತು. ನೋಟ್‌ಬುಕ್ಕಿನಲ್ಲಿ: ‘ಹಲ್ಲು ಬೀಳಲಿಲ್ಲ. ಕುಂಡ ಬಿತ್ತು.’ ಗಿಡದವನು ಬೀದಿಯೆಲ್ಲ ಕೇಳುವಂತೆ ಎಂಜಿನಿಯರಿನ ಎಂಜಿನಿಯರಿಂಗಿನ ಬಗ್ಗೆ ಮಾತಾಡಿದ. ಇನ್ನು ಕೆಲಸ ಮುಗಿಯುವವರೆಗೆ ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಎಂಜಿನಿಯರ್ ಅವತ್ತೇ ತೀರ್ಮಾನಿಸಿದ. ಆ ತೀರ್ಮಾನವೇ ಮುಂದೆ ನಮ್ಮ ಪ್ರಾಣಕ್ಕೆ ಬಂತು.

ಎರಡು ಗುರುವಾರ ಹೋಗಿ ಮೂರನೆಯದೂ ಬಂದು ಹೋಯಿತು. ಅಕ್ಕನ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅವಳು ನರಳುವುದು ರಸ್ತೆ ದಾಟಿ ನಮ್ಮ ಮನೆಗೂ ಕೇಳುತ್ತಿತ್ತು. ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಮಾಡುತ್ತಿದ್ದುದು ಹೌದು.

ಒಂದು ದಿನ ಎಂಜಿನಿಯರ್ ಮತ್ತು ಮೇಸ್ತ್ರಿ ಅಕ್ಕನ ಕಿಟಕಿಯ ಕೆಳಗೆ ನಿಂತು, ಪಟ್ಟಿ ಒಂದು ಸೇರಿಸುವುದೋ ಒಂದೂವರೆ ಸೇರಿಸುವುದೋ ಎಂದು ಜಗಳ ಆಡುತ್ತಿದ್ದರು. ಒಳಗಿನಿಂದ ಅಕ್ಕನ ದನಿ ಬಂತು.

“ಪುಟ್ಟಾ, ಕೋಟು ಜಗ್ತಾ ಇದ್ರೆ ಬಟ್ಟೇನ ದಪ್ಪ ಮಾಡ್ತಾರೇನೋ? ಬಟ್ಟೆ ಮೆತ್ತಗೇ ಇರ್ಲಿ. ಸಡಿಲ ಆಗಿರೋ ಹೊಲಿಗೆ ಬಿಚ್ಚಿ ಬಿಗಿಯಾಗಿ ಹಾಕು. ಭುಜದಿಂದ ಭುಜಕ್ಕೆ ಒಳಗಡೆ ಒಂದು ಪಟ್ಟಿ ಕೊಡು. ಹಾಕ್ಕೊಂಡವರಿಗೆ ಗೊತ್ತೂ ಆಗಬಾರ್ದು.”

ಮೇಸ್ತ್ರಿ ಕಿಟಕಿಯ ಕಡೆ ತಲೆ ಎತ್ತಿ ನೋಡಿದ. “ಆಗಲ್ಲ,” ಎಂದ. ಮಾರನೆಯ ದಿನ ಗುಜರಿಯಿಂದ ಎರಡೂ ತುದಿ ಬಗ್ಗಿದ ಉಕ್ಕಿನ ಕಂಬಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ಕಾರಿನ ಕೆಳಗೆ, ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಅದನ್ನು ಅಡ್ಡಲಾಗಿ ಕೂರಿಸಿದ. ಕೀಲುಗಳಲ್ಲಿ ಪುಡಿಪುಡಿಯಾಗಿದ್ದ ರಬ್ಬರ್ ಬುಷ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರ್ ಬದಲಾಯಿಸಿದ. ಸ್ಪ್ರಿಂಗನ್ನು ಮಾತ್ರ ಮುಟ್ಟಲಿಲ್ಲ.

“ಎರಡೂ ಚಕ್ರ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದ್ರೆ ಈ ಕಂಬಿ ಅದರ ತಂಟೆಗೆ ಹೋಗಲ್ಲ,” ಎಂದು ಎಂಜಿನಿಯರಿಗೆ ವಿವರಿಸಿದನಂತೆ. “ಒಂದು ಎದ್ದು ಇನ್ನೊಂದು ಕೂತ್ರೆ ಮಾತ್ರ ಹಿಡ್ಕೊಳ್ಳುತ್ತೆ. ನಿಮ್ಮಕ್ಕನ್ನ ನಾನು ಗ್ಯಾರೇಜಲ್ಲಿ ಕೆಲಸಕ್ಕೆ ಇಟ್ಕೋಬೇಕಿತ್ತು.”

ಇಷ್ಟಾಗುವಾಗ ನಾಲ್ಕನೆಯ ಗುರುವಾರವೂ ಹೋಗಿತ್ತು. ಇನ್ನು ಉಳಿದದ್ದು ಪರೀಕ್ಷೆ. ಅಕ್ಕನನ್ನೇ ಮಲಗಿಸಿ ಪರೀಕ್ಷೆ ಮಾಡುವ ಧೈರ್ಯ ಎಂಜಿನಿಯರಿಗೆ ಇರಲಿಲ್ಲ. ನನ್ನ ತೂಕ ಅಕ್ಕನ ಎರಡು ಪಟ್ಟು. ಹಾಗಾಗಿ ಅವನು ಅಕ್ಕನ ಹೊಲಿಗೆ ಕೋಣೆಯಿಂದ ಅಳತೆಯ ಬೊಂಬೆಯನ್ನು ಹೊರಗೆ ತಂದ. ಕುತ್ತಿಗೆಯಿಂದ ಸೊಂಟದವರೆಗೆ ಮಾತ್ರ ಇರುವ ಬೊಂಬೆ. ಅದರೊಳಗೆ ಮರಳು ತುಂಬಿದ. ಕಾಲಿನ ಜಾಗಕ್ಕೆ ಯೂನಿಫಾರ್ಮ್ ಪ್ಯಾಂಟೊಂದಕ್ಕೆ ಮರಳು ತುಂಬಿ ಕಟ್ಟಿದ. ತಲೆಗೆ ಒಂದು ಮರಳಿನ ಗಂಟು, ಅದಕ್ಕೆ ಅಕ್ಕನ ಸ್ಕಾರ್ಫ್. ಗುಜರಿಯವನ ತಕ್ಕಡಿಯಲ್ಲಿ ತೂಗಿಸಿ, ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದಂತೆ ಸರಿಯಾಗಿ ಮೂವತ್ತೆಂಟು ಕಿಲೋ ಮಾಡಿದ. ಹಿಂದಿನ ಸೀಟಿನ ಮೇಲೆ ಅದನ್ನು ಉದ್ದಕ್ಕೆ ಮಲಗಿಸಿ, ಪಕ್ಕದಲ್ಲಿ ಮರದ ಹಿಡಿಕೆಯೊಂದನ್ನು ಕೂರಿಸಿ, ಅದರಲ್ಲಿ ತುಂಬಿದ ನೀರಿನ ಲೋಟ ಇಟ್ಟ. ನೀರು ಚೆಲ್ಲದೆ ಆಸ್ಪತ್ರೆಗೆ ಹೋಗಿ ಬಂದರೆ ಕಾರು ಪಾಸು.

ಅವನ ಹೆಂಡತಿ ಬಂದು ಇಣುಕಿ ನೋಡಿ ಹೌಹಾರಿದಳು. “ಅಯ್ಯೋ, ಇದೇನ್ರೀ ಅನಿಷ್ಟ! ಮುಖಾನೇ ಇಲ್ಲ. ಬೀದಿಯೋರು ನೋಡಿದ್ರೆ ಹೆದರ್ಕೋತಾರೆ. ಪೂರ್ತಿ ಮುಚ್ಚಿ.”

ತಲೆಯಿಂದ ಕಾಲಿನವರೆಗೆ ಬಿಳಿ ಹೊದಿಕೆ ಹೊದಿಸಿದಳು. ಬೀದಿಯವರು ಹೆದರಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಹೊದಿಸಿದಳು.

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ನಾನು ಕ್ಷೌರದ ಅಂಗಡಿಯ ಕುರ್ಚಿಯಲ್ಲಿದ್ದೆ. ಎದುರಿನ ಕನ್ನಡಿಯಲ್ಲಿ ಕೆನೆ ಬಣ್ಣದ ಕಾರು ಬರುವುದು ಕಾಣಿಸಿತು. ನಡೆಯುವವರಿಗಿಂತ ನಿಧಾನವಾಗಿ ಬರುತ್ತಿತ್ತು. ಎಂಜಿನಿಯರ್ ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಆಚೀಚೆ ನೋಡದೆ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದ. ರೆಪ್ಪೆ ಬಡಿಯದ ಕಣ್ಣು ಒದ್ದೆಯಾಗಿತ್ತು. ಹಿಂದಿನ ಸೀಟಿನಲ್ಲಿ ಬಿಳಿ ಹೊದಿಕೆಯ ಕೆಳಗೆ ಒಬ್ಬರು ಮಲಗಿದ್ದರು.

“ಸಾರ್,” ಎಂದ ಕ್ಷೌರಿಕ, ಕತ್ತಿಯನ್ನು ನನ್ನ ಗಂಟಲ ಮೇಲೆಯೇ ನಿಲ್ಲಿಸಿ. “ಮುಖ ಮುಚ್ಚಿದಾರೆ.”

ಎದ್ದು ಓಡಿದೆ. ಕೈ ಎತ್ತಿದೆ. ಎಂಜಿನಿಯರ್ ಕಾರು ನಿಲ್ಲಿಸಲಿಲ್ಲ. ಬ್ರೇಕ್ ಹಾಕಿದರೆ ನೀರು ಚೆಲ್ಲುತ್ತದೆಂದು ಹೆದರಿ ನನ್ನ ಕಡೆ ಕಣ್ಣಿನಲ್ಲೇ ಏನೋ ಬೇಡಿಕೊಂಡು ಮುಂದೆ ಹೋದ. ಅದು ದುಃಖವೆಂದೇ ನಾನು ತಿಳಿದೆ. ಕ್ಷೌರಿಕ, ಗಿಡದವನು, ಪೇಪರ್ ಓದುತ್ತಿದ್ದ ಇಬ್ಬರು, ಎಲ್ಲರೂ ರಸ್ತೆಯ ಪಕ್ಕ ಸಾಲಾಗಿ ನಿಂತೆವು. ಗಿಡದವನು ಕಣ್ಣೊರೆಸಿಕೊಂಡು, “ಕುಂಡ ಹೋದ್ರೆ ಹೋಗ್ಲಿ, ನಾನು ಹಾಗೆಲ್ಲ ಬಾಯಿಗೆ ಬಂದ ಹಾಗೆ ಮಾತಾಡಬಾರ್ದಿತ್ತು,” ಎಂದ.

ನಾನು ಖಚಿತಪಡಿಸಿಕೊಳ್ಳದೆ ಏನನ್ನೂ ಮಾಡುವವನಲ್ಲ. ಎದುರು ಮನೆಗೆ ಹೋಗಿ ನೋಡಿದೆ. ಬಾಗಿಲು ಮುಂದಕ್ಕೆ ಎಳೆದಿತ್ತು. ಎಂಜಿನಿಯರಿನ ಹೆಂಡತಿ ಮಾತ್ರೆ ತರಲು ಹೋಗಿದ್ದಾಳೆಂದು ನನಗೆ ಹೇಗೆ ಗೊತ್ತಾಗಬೇಕು? ಅಕ್ಕ ಮಾತ್ರೆಯ ಮಂಪರಿನಲ್ಲಿ ಮಲಗಿದ್ದಾಳೆಂದು ಯಾರು ಹೇಳಬೇಕು? ತಿಂಗಳಿನಿಂದ ನರಳುವಿಕೆ ಕೇಳುತ್ತಿದ್ದ ಮನೆ ನಿಶ್ಶಬ್ದವಾಗಿತ್ತು. ಅದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಮರಣ ಪತ್ರ ಬರೆಸಲು ಆಸ್ಪತ್ರೆಗೆ ಒಯ್ದಿರಬೇಕು ಎಂದುಕೊಂಡೆ. ಅವರ ಸೋದರಮಾವನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷದ ದಾರಿಯಲ್ಲಿದ್ದುಕೊಂಡು ಆರು ವರ್ಷದಿಂದ ‘ಮುಂದಿನ ವಾರ ಬರ್ತೀನಿ’ ಎನ್ನುತ್ತಿದ್ದ ಮನುಷ್ಯ, ಫೋನಿನಲ್ಲೇ ಗೋಳೋ ಎಂದು ಅತ್ತ.

ಕಚೇರಿಗೆ ಹೋಗಿ ನಾನೇ ಎಂಜಿನಿಯರಿನ ಪರವಾಗಿ ರಜೆ ಅರ್ಜಿ ತುಂಬಿದೆ. ನಮ್ಮ ಕಚೇರಿಯಲ್ಲಿ ಸಾವಿನ ರಜೆಗೆ ಬೇರೆಯೇ ನಮೂನೆ ಇದೆ. ಯಾರ ಸಾವಿಗೆ ಎಷ್ಟು ದಿನ ಎಂದು ಪಟ್ಟಿಯಿದೆ, ಮತ್ತು ಒಬ್ಬ ಸಂಬಂಧಿಗೆ ಒಂದೇ ಸಲ ಎಂದು ಕೆಳಗೆ ದಪ್ಪಕ್ಷರದಲ್ಲಿದೆ. ಅದನ್ನು ಬರೆದವನಿಗೆ ಎಂಥ ಅನುಭವವಾಗಿತ್ತೋ. ‘ಸಂಬಂಧ: ಅಕ್ಕ. ದಿನ: ಮೂರು.’ ಸೂಪರಿಂಟೆಂಡೆಂಟರು ಅಲ್ಪವಿರಾಮ ತಪ್ಪಿದರೂ ಕಡತ ವಾಪಸ್ ಎಸೆಯುವ ಮನುಷ್ಯ. ಅವತ್ತು ಹನ್ನೊಂದೇ ನಿಮಿಷದಲ್ಲಿ ಸಹಿ ಹಾಕಿದರು. ಗೋಡೆ ಗಡಿಯಾರ ಅದೇ ಹೊತ್ತಿಗೆ ಹನ್ನೊಂದು ಹೊಡೆಯಿತು. ಸೇವಾ ಪುಸ್ತಕದಲ್ಲಿ ನಾನು ನೀಟಾಗಿ ನಮೂದಿಸಿದೆ. ಹೂವಿನ ಚಕ್ರ ತರಿಸಿ, ಎಂಟು ಜನ ಕಚೇರಿಯ ಜೀಪಿನಲ್ಲಿ ಎದುರು ಮನೆಗೆ ಹೊರಟೆವು.

ಸೋದರಮಾವ ನಮಗಿಂತ ಮೊದಲೇ ಬಂದು ಗೇಟು ಹಿಡಿದುಕೊಂಡು ಅಳುತ್ತಿದ್ದ. “ದೇವತೆಯಂಥ ಹುಡುಗಿ! ಒಂದು ದಿನ ಒಂದು ಕೆಟ್ಟ ಮಾತು ಆಡಿದವಳಲ್ಲ! ನಾನಂದ್ರೆ ಪ್ರಾಣ ಬಿಡ್ತಿದ್ಲು!” ಬೀದಿಯವರು ಹತ್ತಿಪ್ಪತ್ತು ಮಂದಿ ಸೇರಿದ್ದರು. ಕಾರು ಇನ್ನೂ ಬಂದಿರಲಿಲ್ಲ. ಶವ ಬರುವವರೆಗೆ ಹಾಲಿನಲ್ಲಿ ಕಾಯೋಣವೆಂದು ಬಾಗಿಲು ತಳ್ಳಿ ಎಲ್ಲರೂ ಒಳಗೆ ಹೋದೆವು. ಸುಮ್ಮನೆ ನಿಲ್ಲುವ ಬದಲು ಎಂದು ಸೂಪರಿಂಟೆಂಡೆಂಟರು ಜೇಬಿನಿಂದ ಸಂತಾಪದ ಹಾಳೆ ತೆಗೆದು ಓದಲು ಶುರು ಮಾಡಿದರು.

“ದಿವಂಗತರು ಈ ಕಚೇರಿಗೆ ಸಲ್ಲಿಸಿದ ನಿಷ್ಠಾವಂತ ಸೇವೆಯನ್ನು ಸ್ಮರಿಸುತ್ತಾ...”

“ಯಾರದು?” ಎಂದಿತು ಒಳಕೋಣೆ. “ಕಾಲು ಒರೆಸ್ಕೊಂಡು ಬಂದಿದೀರಾ?”

ಎಂಟು ಜನ ಗುಮಾಸ್ತರು, ಒಬ್ಬ ಸೋದರಮಾವ, ಒಂದು ಬೀದಿ, ಯಾರಿಗೂ ಉಸಿರಿಲ್ಲ. ನಾನು ಧೈರ್ಯ ಮಾಡಿ ಕೋಣೆಯ ಬಾಗಿಲಿನಲ್ಲಿ ಇಣುಕಿದೆ. ಅಕ್ಕ ದಿಂಬಿಗೆ ಒರಗಿ ಕೂತು, ಕನ್ನಡಕ ಹುಡುಕುತ್ತಿದ್ದಳು. ನನ್ನನ್ನು ನೋಡಿ, “ಇದೇನು ಅರ್ಧ ಗಡ್ಡ?” ಎಂದಳು.

ಸೋದರಮಾವ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಂದ. ಅವನ ಕಣ್ಣೀರು ಇನ್ನೂ ಕೆನ್ನೆಯ ಮೇಲೇ ಇತ್ತು. “ಬದುಕಿದೀಯಾ?” ಎಂದ, ತನಗೆ ಮೋಸವಾದವನಂತೆ.

“ತಪ್ಪಾಯ್ತು ಮಾವ,” ಎಂದಳು ಅಕ್ಕ. “ಗೇಟಿನ ಹತ್ರ ನೀವು ಹೇಳಿದ್ದೆಲ್ಲ ಕೇಳಿಸ್ತು. ಪರವಾಗಿಲ್ಲ, ಕೂತ್ಕೊಂಡು ಇನ್ನೊಂದ್ಸಲ ಹೇಳಿ. ಮತ್ತೆ ಆರು ವರ್ಷ ಆಗುತ್ತೆ ನೀವು ಬರೋಕೆ.”

ಆಮೇಲೆ ಸೂಪರಿಂಟೆಂಡೆಂಟರನ್ನು ಕರೆಸಿದಳು. “ನಿಮ್ಮ ಕಚೇರಿಗೆ ನಾನೇನಪ್ಪಾ ಸೇವೆ ಮಾಡಿದೀನಿ?”

“ಅದು ನಮೂನೇಲಿ ಹಾಗೇ ಇದೆ ಅಮ್ಮಾ,” ಎಂದರು ಅವರು ಬೆವರುತ್ತಾ. “ನಾವು ಬದಲಾಯಿಸೋ ಹಾಗಿಲ್ಲ.”

ಹೂವಿನ ಚಕ್ರವನ್ನು ಹಾಸಿಗೆಯ ಮೇಲೆ ಇಡಿಸಿಕೊಂಡು, ರಿಬ್ಬನ್ನನ್ನು ಬೆರಳಲ್ಲಿ ಎಳೆದು ನೋಡಿದಳು. “ಹೊಲಿಗೆ ಸಡಿಲ. ಗಾಳಿಗೆ ಬಿಚ್ಕೊಳ್ಳುತ್ತೆ. ಇಲ್ಲೇ ಇಟ್ಟು ಹೋಗಿ, ಬಿಗಿ ಮಾಡಿರ್ತೀನಿ.”

ಆಗ ಹೊರಗೆ ಕಾರು ನಿಂತ ಸದ್ದಾಯಿತು. ಜನ ದಾರಿ ಬಿಟ್ಟರು. ಎಂಜಿನಿಯರ್ ಬಿಳಿ ಹೊದಿಕೆಯ ದೇಹವನ್ನು ಹೆಗಲ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ತುಂಬಿದ ನೀರಿನ ಲೋಟ ಹಿಡಿದು, ಕೋಣೆಯ ಬಾಗಿಲಿನಲ್ಲಿ ಕಾಣಿಸಿಕೊಂಡ. ಮುಖದ ತುಂಬ ನಗು.

“ಅಕ್ಕಾ!” ಎಂದು ಕೂಗಿದ. “ಒಂದು ತೊಟ್ಟೂ ಚೆಲ್ಲಲಿಲ್ಲ!”

ಹೆಗಲಿನ ದೇಹದ ಕಾಲು ಕಳಚಿ ಸೂಪರಿಂಟೆಂಡೆಂಟರ ಪಾದದ ಮೇಲೆ ಬಿತ್ತು. ಕೋಣೆಯ ನೆಲದ ತುಂಬ ಮರಳು ಹರಡಿತು. ಸೋದರಮಾವ ಎರಡನೆಯ ಸಲ ಕೂಗಿಕೊಂಡ, ಈ ಸಲ ನಿಜವಾಗಿ.

ವಿಷಯ ತಿಳಿದ ಮೇಲೆ ನಕ್ಕವರು ನಕ್ಕರು, ನನ್ನನ್ನು ಬೈದವರು ಬೈದರು. ಅಕ್ಕ ಮರಳನ್ನೇ ನೋಡುತ್ತಾ ಇದ್ದಳು. “ಇದಿಷ್ಟೇನಾ ನಾನು?” ಎಂದಳು. ಆಮೇಲೆ, “ಬೊಂಬೆಗೆ ನೋವಾಗಲ್ಲ ಪುಟ್ಟಾ. ಗುರುವಾರ ನಾನೇ ಬಂದು ನೋಡ್ತೀನಿ,” ಎಂದಳು.

ಮಂಜೂರಾದ ರಜೆಯನ್ನು ವಾಪಸ್ ಪಡೆಯಲು ನಿಯಮವಿಲ್ಲ ಎಂದು ಸೂಪರಿಂಟೆಂಡೆಂಟರು ಮರುದಿನ ತೀರ್ಪು ಕೊಟ್ಟರು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಬಂದ ಎಂಜಿನಿಯರನ್ನು ‘ನೀವು ದುಃಖದಲ್ಲಿದ್ದೀರಿ’ ಎಂದು ಹೇಳಿ ಮನೆಗೆ ಕಳಿಸಿದರು. ಹೀಗೆ ಬದುಕಿರುವ ಅಕ್ಕನ ಸಾವಿನ ರಜೆಯಲ್ಲಿ ಅವನು ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮಾಡಿದ ತಪ್ಪಿಗೆ ನಾನೂ ಜೊತೆಗೆ ಹೋದೆ.

ನೀರಿನ ಲೋಟವನ್ನು ಅಕ್ಕ ತಾನೇ ಎದೆಯ ಮೇಲೆ ಹಿಡಿದುಕೊಂಡಿದ್ದಳು. ಹೊಂಡಗಳ ಮೇಲೆ ಕಾರು ಮೊದಲಿನಂತೆಯೇ ತೇಲಿತು. ಸೇತುವೆ ಬಂತು, ತಿರುವು ಬಂತು, ಹೋಯಿತು.

“ಪುಟ್ಟಾ, ಸೇತುವೆ ಹತ್ರ ಬಂತಾ?” ಎಂದಳು ಅಕ್ಕ.

“ದಾಟಿ ಆಯ್ತು ಅಕ್ಕಾ.”

“ಸುಳ್ಳು ಹೇಳ್ಬೇಡ.”

ಮುಂದಿನ ಸೀಟಿನಿಂದ ಬಗ್ಗಿ ಅವಳನ್ನು ಮೆಲ್ಲಗೆ ಎತ್ತಿ ಹಿಂದಿನ ಗಾಜಿನಲ್ಲಿ ಸೇತುವೆ ತೋರಿಸಿದೆ. ಎಂಜಿನಿಯರ್ ನಲವತ್ತೆಂಟು ವರ್ಷದ ಗಂಡಸು, ಸ್ಟೀರಿಂಗ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. “ನಾಲ್ಕು ಗುರುವಾರ ಯಾಕೆ ಕರ್ಕೊಂಡು ಬರ್ಲಿಲ್ಲ?”

“ಕಾರು ವಾಲ್ತಾ ಇತ್ತು ಡಾಕ್ಟ್ರೇ,” ಎಂದ ಎಂಜಿನಿಯರ್.

ಡಾಕ್ಟರಮ್ಮ ಅವನ ಮುಖ ನೋಡಿದರು. ಅವನೇನೂ ತಮಾಷೆ ಮಾಡುತ್ತಿಲ್ಲವೆಂದು ಅವರಿಗೆ ಅರ್ಥವಾಯಿತು. “ಇನ್ನು ಕರ್ಕೊಂಡು ಬರೋದು ಬೇಡ,” ಎಂದರು ಮೆಲ್ಲಗೆ. “ನೋವಿಗೆ ಮಾತ್ರೆ ಬರ್ಕೊಡ್ತೀನಿ. ಅವರಿಗೆ ಎಲ್ಲಿ ಹಿತವಾಗುತ್ತೋ ಅಲ್ಲಿರ್ಲಿ.”

ಹೊರಗಿನ ಬೆಂಚಿನ ಮೇಲೆ ಎಂಜಿನಿಯರ್ ನನ್ನ ಕೈ ಹಿಡಿದುಕೊಂಡ. “ಒಂದು ಕಂಬಿ ಹಾಕೋಕೆ ನಾಲ್ಕು ವಾರ ತಿಂದೆ ಸಾರ್. ನಾನೇ ಕೊಂದೆ.” ಮನೆಗೆ ವಾಪಸಾಗುವಾಗ ಹಿಂದಿನ ಸೀಟಿನಿಂದ ಅಕ್ಕ ಹೇಳಿದಳು: “ಬರಲ್ಲ ಅಂದಿದ್ದು ನಾನು. ಆ ನಾಲ್ಕು ವಾರ ನಿನ್ನ ತಲೆಗೆ ಕಟ್ಕೋಬೇಡ. ಮನೆಗೆ ಈಗಲೇ ಬೇಡ. ಇನ್ನೊಂದು ಸುತ್ತು ಹೊಡಿ.”

ಅಂದಿನಿಂದ ದಿನಾ ಸಂಜೆ ಐದಕ್ಕೆ, ಕಚೇರಿ ಮುಗಿದ ಕೂಡಲೇ, ಕಾರು ಹೊರಡುತ್ತಿತ್ತು. ಮಂಚದ ಮೇಲೆ ಬಾರದ ನಿದ್ದೆ ಅಕ್ಕನಿಗೆ ಆ ಸೀಟಿನಲ್ಲಿ ಬರುತ್ತಿತ್ತು. ಬೀದಿಗೆ ಅದೊಂದು ಆಟವಾಯಿತು. ಕಾರು ವಾಪಸ್ ಬ‌ರುವಾಗ ಕ್ಷೌರಿಕ ಬಾಗಿಲಿಗೆ ಬಂದು, “ಚೆಲ್ಲಿತಾ ಅಕ್ಕಾ?” ಎಂದು ಕೂಗುತ್ತಿದ್ದ. ಅಕ್ಕ ಕಿಟಕಿಯಿಂದ ತುಂಬಿದ ಲೋಟ ಎತ್ತಿ ತೋರಿಸುತ್ತಿದ್ದಳು. ಗಿಡದವನು ಚಪ್ಪಾಳೆ ತಟ್ಟುತ್ತಿದ್ದ. ಆಗಲ್ಲ ಮೇಸ್ತ್ರಿ ಗ್ಯಾರೇಜಿನ ಮುಂದೆ ನಿಂತು, ಕಾರಿನ ಕೆಳಗೆ ಬಗ್ಗಿ ತನ್ನ ಕಂಬಿಯನ್ನು ನೋಡಿ ತಲೆಯಾಡಿಸುತ್ತಿದ್ದ. ಹದಿನೇಳು ಸಂಜೆ ಹೀಗೆ ಕಳೆದವು.

ಹದಿನೆಂಟನೆಯ ಸಂಜೆಯೂ ನಾನು ಅದೇ ಕುರ್ಚಿಯಲ್ಲಿದ್ದೆ. ಕನ್ನಡಿಯಲ್ಲಿ ಕಾರು ಬಂತು, ನಡೆಯುವವರಿಗಿಂತ ನಿಧಾನವಾಗಿ. “ಚೆಲ್ಲಿತಾ ಅಕ್ಕಾ?” ಎಂದ ಕ್ಷೌರಿಕ. ಲೋಟ ಮೇಲೇಳಲಿಲ್ಲ. “ಇವತ್ತು ಚೆಲ್ತು!” ಎಂದು ಗಿಡದವನು ಕೂಗಿದ. ಎಲ್ಲರೂ ನಕ್ಕರು. ನಾನೂ ನೊರೆಯೊಳಗೇ ನಕ್ಕೆ. ಎಂಜಿನಿಯರ್ ಕೈ ಎತ್ತಿದ. ಅದನ್ನೂ ಆಟವೆಂದುಕೊಂಡು ನಾವೆಲ್ಲ ಕೈ ಬೀಸಿದೆವು. ಕಾರು ನಡುಬೀದಿಯಲ್ಲಿ ನಿಂತಿತು.

ಅವನು ಇಳಿದು ಅಂಗಡಿಯೊಳಗೆ ಬಂದ. “ಸಾರ್, ಸ್ವಲ್ಪ ಬಂದು ನೋಡ್ತೀರಾ?”

ಕ್ಷೌರಿಕ ಹೊರಗೆ ಇಣುಕಿ, “ಮುಖ ಮುಚ್ಚಿಲ್ವಲ್ಲ ಸಾರ್,” ಎಂದ. ಆದರೆ ಕತ್ತಿ ಕೆಳಗಿಟ್ಟ.

ಅಕ್ಕ ಒಂದು ಕೆನ್ನೆಯನ್ನು ಸೀಟಿಗೆ ಒತ್ತಿ ಮಲಗಿದ್ದಳು. ಮರದ ಹಿಡಿಕೆಯಲ್ಲಿ ಲೋಟ ಅಂಚಿನವರೆಗೂ ತುಂಬಿತ್ತು.

“ಸೇತುವೆ ಹತ್ರ ಮಾತಾಡಿದ್ಲು,” ಎಂದ ಎಂಜಿನಿಯರ್. “ಆಮೇಲೆ ಎಲ್ಲಿ ಅಂತ ಗೊತ್ತಾಗ್ಲಿಲ್ಲ ಸಾರ್. ಒಂದು ಕಡೆ ಕುಲುಕಿದ್ರೂ ಗೊತ್ತಾಗ್ತಿತ್ತು. ಎಲ್ಲೂ ಕುಲುಕಲೇ ಇಲ್ಲ.”

ಸೋದರಮಾವನಿಗೆ ಫೋನ್ ಮಾಡಿದವನು ನಾನೇ. “ಈ ಸಲ ಖಚಿತಾನಾ?” ಎಂದು ಕೇಳಿದ. ಖಚಿತ ಎಂದೆ. “ನೋಡಪ್ಪಾ, ನಾನು ಆವತ್ತೇ ಬಂದು ಹೋಗಿದೀನಲ್ಲ,” ಎಂದ. ಬೀದಿಯಲ್ಲೂ ಅರ್ಧ ಜನ ನಂಬಲಿಲ್ಲ. ನಂಬಿದವರಿಗೆ ಮತ್ತೊಮ್ಮೆ ಅಳಲು ಸಂಕೋಚ. ಕೊನೆಗೆ ಏಳು ಜನ ಸೇರಿದೆವು. ಕಚೇರಿಯಿಂದ ಎರಡನೆಯ ಹೂವಿನ ಚಕ್ರಕ್ಕೆ ಅವಕಾಶವಿರಲಿಲ್ಲ. ಮೊದಲನೆಯದು ಅಕ್ಕನ ಮಂಚದ ತಲೆಯ ಬಳಿ ತೂಗುತ್ತಿತ್ತು, ಅದನ್ನೇ ಇಟ್ಟೆವು. ಹೂವೆಲ್ಲ ಒಣಗಿತ್ತು. ರಿಬ್ಬನ್ ಮಾತ್ರ ಬಿಗಿಯಾಗಿತ್ತು, ಅಕ್ಕ ಅದನ್ನು ಬಿಚ್ಚಿ ಮತ್ತೆ ಹೊಲಿದಿದ್ದಳು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಎಂಜಿನಿಯರ್ ಕೆಲಸಕ್ಕೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ. “ನನ್ನ ರಜೆ ಆಗಿಹೋಗಿದೆಯಲ್ಲ ಸಾರ್,” ಎಂದು ನನಗೆ ಹೇಳಿ, ಮೀಟರ್ ಪುಸ್ತಕ ಬಿಚ್ಚಿಕೊಂಡು ಕೂತ. ಅಂಕಿಗಳೆಲ್ಲ ಮನೆ ತಪ್ಪಿ ಬೀಳುತ್ತಿದ್ದವು. ಅವನ ರಜೆಯನ್ನು ಮೂರು ವಾರ ಮೊದಲೇ ತಿಂದುಹಾಕಿದವನು ನಾನು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

ಸಾವಿನ ರಜೆಯ ಹೊಸ ನಮೂನೆ ತೆಗೆದೆ. ಅವನ ಸೇವಾ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ತಾಯಿ ತೀರಿಕೊಂಡಾಗ ಅವನಿಗೆ ಎರಡು ವರ್ಷ. ಅದಕ್ಕೆ ಅವನು ಯಾವ ರಜೆಯನ್ನೂ ಪಡೆದಿರಲಿಲ್ಲ. ‘ಸಂಬಂಧ’ ಎಂಬ ಜಾಗದಲ್ಲಿ ‘ತಾಯಿ’ ಎಂದು ಬರೆದೆ. ದಿನ: ಮೂರು. ಮೂವತ್ತೈದು ವರ್ಷದ ನೌಕರಿಯಲ್ಲಿ ಸುಳ್ಳು ಅರ್ಜಿ ಬರೆದದ್ದು ಅದೊಂದೇ ಸಲ. ಸುಳ್ಳೆಂದು ನನಗೆ ಅನಿಸಲೂ ಇಲ್ಲ.

ಸೂಪರಿಂಟೆಂಡೆಂಟರು ಕನ್ನಡಕ ಏರಿಸಿ ಓದಿದರು. ಬಾಗಿಲಿನಾಚೆ ಮೀಟರ್ ವಿಭಾಗದ ಕಡೆ ನೋಡಿದರು. ಮತ್ತೆ ಓದಿದರು. ಗೋಡೆ ಗಡಿಯಾರ ಹನ್ನೊಂದು ಹೊಡೆದು ಸುಮ್ಮನಾಯಿತು. ಅವರು ಕೆಂಪು ಪೆನ್ನು ತೆಗೆದಾಗ ಕೆಲಸ ಕೆಟ್ಟಿತು ಎಂದುಕೊಂಡೆ.

“ಏನ್ರೀ ಇದು?” ಎಂದರು. “ಇಷ್ಟು ವರ್ಷ ರಜೆ ವಿಭಾಗದಲ್ಲಿದೀರಿ, ಪಟ್ಟಿ ನೋಡಲ್ವಾ? ತಾಯಿಗೆ ಐದು ದಿನ.”

ಮೂರನ್ನು ಹೊಡೆದು ಐದು ಎಂದು ಬರೆದು ಸಹಿ ಹಾಕಿದರು.